ಪದ್ಮಿನಿಗೆ ಪೆಸಿಫಿಕ್ ಸಿಂಗಾರ

ಡೊಂಬಿವಲಿಯ ಹಳೆಯ ಸೊಸೈಟಿಗಳ ನೆಲಮಹಡಿಯ ಮೂಲೆಯಲ್ಲಿ, ಧೂಳು ಹಿಡಿದ ಹೊದಿಕೆಯ ಕೆಳಗೆ ಒಂದು ಫಿಯಾಟ್ ನಿಂತಿರುವುದು ಅಪರೂಪದ ನೋಟವಲ್ಲ. ಟಯರುಗಳ ಗಾಳಿ ಇಳಿದು ರಿಮ್ಮು ನೆಲ ಮುಟ್ಟಿರುತ್ತದೆ. ಬಾನೆಟ್ಟಿನ ಮೇಲೆ ಬೆಕ್ಕು ಮಲಗಿರುತ್ತದೆ. ಕಾರು ಅಪ್ಪನದು. ಅಪ್ಪ ಈಗ ಓಡಿಸುವುದಿಲ್ಲ, ಇಲ್ಲವೇ ಅಪ್ಪನೇ ಈಗ ಇಲ್ಲ. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುವ ಮಾತು ಶುರುವಾದ ಮೇಲೆ ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಕಾಗದ ಅಂಟುತ್ತದೆ: ಬಳಕೆಯಲ್ಲಿಲ್ಲದ ವಾಹನಗಳನ್ನು ತೆಗೆಯತಕ್ಕದ್ದು. ಅಲ್ಲಿಯವರೆಗೆ ಯಾರ ಗಮನಕ್ಕೂ ಬಾರದಿದ್ದ ಕಾರು ಆ ರಾತ್ರಿ ಊಟದ ಹೊತ್ತಿನ ಮಾತಾಗುತ್ತದೆ.

ದಾರಿಗಳು ಮೂರು. ಭಂಗಾರ್‌ವಾಲಾನಿಗೆ, ಅಂದರೆ ಊರಿನ ಭಾಷೆಯಲ್ಲಿ ಗುಜರಿಯವನಿಗೆ, ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವುದು. ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಮಾಡಿಸಿ ಇಟ್ಟುಕೊಳ್ಳುವುದು. ಮೂರನೆಯದು ಮನೆಯ ಚಿಕ್ಕವರು ಫೋನಿನಲ್ಲಿ ತೋರಿಸುವ ದಾರಿ: ಕಾರಿಗೊಂದು ಥೀಮ್ ಕೊಟ್ಟು ಹೊಸದೇ ಆಗಿಸುವುದು. ಆ ಚಿತ್ರಗಳಲ್ಲಿ ಬಹಳ ಕಣ್ಣಿಗೆ ಬೀಳುವುದು ಪೆಸಿಫಿಕ್ ದ್ವೀಪಗಳ ಹೆಸರಿನ ಅಲಂಕಾರ. ಬಿದಿರು ಹೊದಿಸಿದ ಡ್ಯಾಶ್‌ಬೋರ್ಡು, ದಾಸವಾಳದ ಹೂವಿನ ಸೀಟು, ಹಲ್ಲು ಕಿರಿದ ಮರದ ದೇವರ ಮುಖದ ಗೇರ್ ಹಿಡಿ, ಮಾಡಿನ ಮೇಲೆ ಅಲೆ ಸವಾರರ ಹಲಗೆ, ಬಾಗಿಲ ಮೇಲೆ ಹಚ್ಚೆಯ ಗೆರೆಗಳು. ನವಿ ಮುಂಬೈಯಲ್ಲಿ ಇದಕ್ಕೆ ಹೇಳಿಮಾಡಿಸಿದಂಥ ಹೆಸರಿನ ರಸ್ತೆಯೂ ಇದೆ. ವಾಶಿಯಿಂದ ಬೇಲಾಪುರದ ಕಡೆಗೆ ಹೋಗುವ ಪಾಮ್ ಬೀಚ್ ರಸ್ತೆ. ಅಲ್ಲಿ ಬೀಚ್ ಇಲ್ಲ. ಇರುವುದು ಖಾಡಿ, ಕಾಂಡ್ಲಾ ಕಾಡು ಮತ್ತು ಕೆಸರು. ಫೋಟೋ ತೆಗೆಯುವವರಿಗೆ ಅದೇನೂ ಅಡ್ಡಿಯಲ್ಲ.

ಹಳೆಯ ಕಾರುಗಳನ್ನು ಬಲ್ಲವರು ಈ ಮೂರನೆಯ ದಾರಿಯನ್ನು ಕಂಡರೆ ಮೂಗು ಮುರಿಯುತ್ತಾರೆ. ವಿಂಟೇಜ್ ಕಾರು ಎಂದರೆ ಮೂಲದಂತೆ ಇರಬೇಕು, ಇದು ಕಾರಿಗೆ ಹಾಕಿದ ಛದ್ಮವೇಷ ಎಂಬುದು ಅವರ ವಾದ. ಈ ವಾದಕ್ಕೆ ತೂಕವಿದೆ. ಆದರೆ ಕುರ್ಲಾದಲ್ಲಿ ತಯಾರಾದ ಕಾರಿನ ವಿಷಯದಲ್ಲಿ ಅದು ಅರ್ಧ ಮಾತ್ರ ನಿಲ್ಲುತ್ತದೆ.

ಪ್ರೀಮಿಯರ್ ಆಟೊಮೊಬೈಲ್ಸನ್ನು ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದರು. ಕುರ್ಲಾದ ಕಾರ್ಖಾನೆ ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್ ಗಾಡಿಗಳನ್ನು ಜೋಡಿಸುತ್ತಿತ್ತು. ಆಮೇಲೆ ಇಟಲಿಯ ಫಿಯಾಟ್ ಬಂತು. 1950ರ ದಶಕದ ದುಂಡುದುಂಡು 1100ಕ್ಕೆ ಮುಂಬೈ ಮರಾಠಿ ಇಟ್ಟ ಹೆಸರು ಡುಕ್ಕರ್ ಫಿಯಾಟ್, ಅಂದರೆ ಹಂದಿ ಫಿಯಾಟ್. ಅದರಲ್ಲಿ ಬೈಗುಳಕ್ಕಿಂತ ಮುದ್ದೇ ಹೆಚ್ಚು. 1964ರಲ್ಲಿ 1100 ಡಿಲೈಟ್ ಬಂತು. ಫಿಯಾಟಿನ ಹೆಸರು ಕಳಚಿದ ಮೇಲೆ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಇಟಲಿಯಲ್ಲಿ ಹುಟ್ಟಿದ ಗಾಡಿಗೆ ಚಿತ್ತೋರಿನ ರಾಣಿಯ ಹೆಸರು. ಎಂಜಿನು ಅದೇ 1089 ಸಿಸಿ, ಗೇರು ಅದೇ ಸ್ಟೇರಿಂಗ್ ಪಕ್ಕದ ಕಡ್ಡಿ, ಮುಂದಿನ ಕಿಟಕಿಯಲ್ಲಿ ಅದೇ ತಿರುಗುವ ತ್ರಿಕೋನ ಗಾಜು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಹೆಚ್ಚುಕಡಿಮೆ ಬದಲಾಗದೆ ತಯಾರಾಗಿ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು.

ಡೊಂಬಿವಲಿಗೆ ಈ ಕಂಪನಿ ದೂರದ್ದಲ್ಲ. ಕಲ್ಯಾಣ–ಶಿಳ್ ರಸ್ತೆಯಲ್ಲಿ ಪ್ರೀಮಿಯರಿನ ಇನ್ನೊಂದು ಕಾರ್ಖಾನೆ ಇತ್ತು. 1990ರ ದಶಕದಲ್ಲಿ ಫ್ರಾನ್ಸಿನ ಪೆಜೊ ಕಂಪನಿಯ ಜೊತೆಗೂಡಿ 309 ಎಂಬ ಕಾರನ್ನು ಅಲ್ಲಿ ತಯಾರಿಸಿದರು. ಆ ಜೊತೆ ಕೆಲವೇ ವರ್ಷ ಬಾಳಿತು. ಈಗ ಆ ಕಡೆ ನಿಂತಿರುವುದು ಗಗನಚುಂಬಿ ವಸತಿ ಸಮುಚ್ಚಯಗಳು. ಪ್ರೀಮಿಯರ್ ಎಂಬುದು ಕಾರು ಮಾಡುವ ಹೆಸರು ಎಂದು ತಿಳಿಯದ ಮಕ್ಕಳು ಪ್ರೀಮಿಯರ್ ಮೈದಾನ ಎಂದು ವಿಳಾಸ ಹೇಳುತ್ತಾರೆ. ಕಾರ್ಖಾನೆ ಹೋಯಿತು, ಕೆಲಸಗಾರರು ಚದುರಿದರು. ಉಳಿದ ವಸ್ತುರೂಪದ ಸಾಕ್ಷಿ ಎಂದರೆ ಇಂಥ ಮೂಲೆಗಳಲ್ಲಿ ನಿಂತ ಕಾರುಗಳೇ. ಅದಕ್ಕಾಗಿಯೇ ನೋಟಿಸ್ ಬೋರ್ಡಿನ ಆ ಕಾಗದ ಸಣ್ಣ ವಿಷಯವಲ್ಲ.

ಹಾಗಾದರೆ ಇದರಲ್ಲಿ ಮೂಲ ಎಂದರೆ ಯಾವುದು? ಮುಂಬೈಯ ಪದ್ಮಿನಿಗಳಲ್ಲಿ ದೊಡ್ಡ ಪಾಲು ಟ್ಯಾಕ್ಸಿಯಾಗಿ ಬದುಕಿದವು, ಮತ್ತು ಟ್ಯಾಕ್ಸಿಯ ಪದ್ಮಿನಿ ಒಂದು ದಿನವೂ ಮೂಲದಂತೆ ಇರಲಿಲ್ಲ. ಕಪ್ಪು ಮೈಗೆ ಹಳದಿ ಮಾಡು ಬಳಿಯಲಾಯಿತು. 2000ದ ದಶಕದ ಆರಂಭದಲ್ಲಿ ಸಿಎನ್‌ಜಿ ಕಡ್ಡಾಯವಾಗುತ್ತ ಬಂದಾಗ ಡಿಕ್ಕಿಯ ಜಾಗವನ್ನು ಸಿಲಿಂಡರ್ ನುಂಗಿತು. ಪ್ರಯಾಣಿಕರ ಸೂಟ್‌ಕೇಸು ಮಾಡಿನ ಕ್ಯಾರಿಯರ್ ಏರಿತು. ಒಳಗೆ ಹೂಬಳ್ಳಿ ಮುದ್ರಿಸಿದ ರೆಕ್ಸಿನ್, ಸೀಲಿಂಗಿಗೆ ಗುಲಾಬಿ ಹೂವಿನ ಪ್ಲಾಸ್ಟಿಕ್ ಹಾಳೆ, ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯೋ ದರ್ಗಾದ ಚಿತ್ರವೋ, ಅದರ ಸುತ್ತ ಮಿನುಗುವ ಸಣ್ಣ ಬಲ್ಬು. 2015ರಲ್ಲಿ ಟ್ಯಾಕ್ಸಿ ಫ್ಯಾಬ್ರಿಕ್ ಎಂಬ ತಂಡ ಯುವ ವಿನ್ಯಾಸಕಾರರಿಂದ ಚಿತ್ರ ಬರೆಸಿ ಟ್ಯಾಕ್ಸಿಗಳ ಸೀಟು, ಬಾಗಿಲು, ಸೀಲಿಂಗಿಗೆ ಹೊದಿಸಿದಾಗ ಜಗತ್ತಿನ ಪತ್ರಿಕೆಗಳು ಬೆರಗಾದವು. ಚಾಲಕರು ಮಾತ್ರ ಅದನ್ನು ತಲೆಮಾರುಗಳಿಂದ ತಮ್ಮ ರುಚಿಗೆ ತಕ್ಕಂತೆ ಮಾಡುತ್ತಲೇ ಬಂದಿದ್ದರು. ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿ 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಒದಲ್ಲಿ ದಾಖಲಾಗಿತ್ತು. ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ 30ರಿಂದ ಕಾಳಿ–ಪೀಲಿ ಪದ್ಮಿನಿ ಮುಂಬೈ ರಸ್ತೆಯ ಲೆಕ್ಕದಿಂದ ಹೊರಗಾಯಿತು. ಆ ದಿನ ನಗರ ಅತ್ತದ್ದು ಹೂವಿನ ರೆಕ್ಸಿನ್ನಿನ ಕಾರಿಗಾಗಿ, ಕಂಪನಿಯ ಕ್ಯಾಟಲಾಗಿನ ಕಾರಿಗಾಗಿ ಅಲ್ಲ.

ಥೀಮ್ ಕಾರು ಹೊಸ ಕಾಲದ ಹುಚ್ಚು ಎನ್ನುವವರಿಗೆ ಕಲ್ಕತ್ತೆಯ ಹಂಸ ಕಾರಿನ ಕಥೆ ಹೇಳಬೇಕು. 1910ರಲ್ಲಿ ಅಲ್ಲಿ ನೆಲೆಸಿದ್ದ ಮ್ಯಾಥ್ಯೂಸನ್ ಎಂಬ ಶ್ರೀಮಂತ ಇಂಗ್ಲೆಂಡಿನ ಲೋಸ್ಟಾಫ್ಟ್ ಊರಿನ ಬ್ರೂಕ್ ಕಂಪನಿಯಿಂದ ಒಂದು ಕಾರು ಮಾಡಿಸಿಕೊಂಡ. ಕಾರಿನ ಮೈ ಇಡೀ ಒಂದು ಹಂಸ. ಕಣ್ಣಲ್ಲಿ ದೀಪ ಉರಿಯುತ್ತಿತ್ತು. ಎದುರಿನ ಜನ ಸರಿಯಲಿ ಎಂದು ಕೊಕ್ಕಿನಿಂದ ಬಿಸಿನೀರು ಚಿಮ್ಮುತ್ತಿತ್ತು. ಬೀದಿಯಲ್ಲಿ ಗದ್ದಲವಾಗಿ ಪೊಲೀಸರು ಅದನ್ನು ನಿಷೇಧಿಸಿದರು. ಮುಂದೆ ಅದು ನಾಭಾದ ಮಹಾರಾಜರ ಪಾಲಾಯಿತು. ಈಗ ನೆದರ್ಲೆಂಡಿನ ಹೇಗ್ ನಗರದ ಲೌಮನ್ ಸಂಗ್ರಹಾಲಯದಲ್ಲಿದೆ, ನೋಡಲು ಜನ ಹುಡುಕಿಕೊಂಡು ಹೋಗುತ್ತಾರೆ. ಅಂದು ಅದನ್ನು ಕಂಡು ನಕ್ಕವರ ಗಂಭೀರ ಕಾರುಗಳು ಎಲ್ಲಿ ಹೋದವೋ ಯಾರಿಗೂ ನೆನಪಿಲ್ಲ.

ಆದ್ದರಿಂದ ಡೊಂಬಿವಲಿಯ ಹುಡುಗ ಅಪ್ಪನ ಫಿಯಾಟಿಗೆ ಸಮುದ್ರದ ಬಣ್ಣ ಬಳಿದು ಬೆತ್ತದ ಸೀಟು ಹಾಕಿಸುತ್ತೇನೆ ಎಂದರೆ ಮೊದಲು ಹೇಳಬೇಕಾದ ಮಾತು ‘ಹಾಕಿಸು’ ಎಂಬುದೇ. ಹಾಗೆ ಮಾಡದಿದ್ದರೆ ಕಾರು ಹೋಗುವುದು ಗುಜರಿಗೆ, ಸಂಗ್ರಹಾಲಯಕ್ಕಲ್ಲ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಧರ್ಮಸ್ಥಳದವರು ತೆರೆದ ‘ಪಯಣ’ದಂಥ ಕಾರು ಸಂಗ್ರಹಾಲಯ ಎಷ್ಟೇ ದೊಡ್ಡದಾದರೂ ಪ್ರತಿ ಸೊಸೈಟಿಯ ಮೂಲೆಯ ಪದ್ಮಿನಿಗೆ ಅಲ್ಲಿ ಜಾಗ ಸಿಗದು. ಅದನ್ನು ಉಳಿಸಬೇಕಾದವರು ಅದರ ಮನೆಯವರೇ, ಅವರಿಗೆ ಅದರ ಮೇಲೆ ಆಸೆ ಹುಟ್ಟಬೇಕು.

ಹಾಕಿಸು ಎಂದ ಮೇಲೆ ಎರಡು ಕಡೆ ಬೇಡ ಎನ್ನಬೇಕಾಗುತ್ತದೆ. ಒಂದು ಕಬ್ಬಿಣದ ವಿಷಯ, ಇನ್ನೊಂದು ದೇವರ ವಿಷಯ.

ಫಿಯಾಟ್ 1100ರ ಕುಲದ ಕಾರುಗಳಲ್ಲಿ ಲಾರಿಗೆ ಇರುವಂತೆ ಬೇರೆ ಚಾಸಿಸ್ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಪಟ್ಟಿ, ಕಂಬಗಳು, ಮಾಡು ಎಲ್ಲ ಸೇರಿ ಒಂದೇ ಗೂಡು. ಭಾರ ಹೊರುವುದು ಆ ಇಡೀ ಗೂಡು. ದ್ವೀಪದ ಥೀಮ್ ಎಂದ ಕೂಡಲೇ ಹಲವರ ಮನಸ್ಸಿಗೆ ಬರುವುದು ಮಾಡು ಕತ್ತರಿಸಿದ ತೆರೆದ ಕಾರು. ಪದ್ಮಿನಿಯ ಮಾಡು ಕೊಯ್ದರೆ ಅದು ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯಂತೆ ನಡುವಿನಲ್ಲಿ ಬಾಗತೊಡಗುತ್ತದೆ. ಮೊದಲು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಆಮೇಲೆ ಎದುರಿನ ಗಾಜು ಬಿರುಕು ಬಿಡುತ್ತದೆ. ಶಿಳ್‌ಫಾಟಾದ ಗುಂಡಿಗಳಲ್ಲಿ ನಾಲ್ಕು ಸಲ ಹೋಗಿಬಂದರೆ ಸಾಕು. ಕೆಳಗೆ ಗಟ್ಟಿ ಪಟ್ಟಿ ಬೆಸೆದು ಬಲ ಕೊಡಬಹುದು. ಆ ಲೆಕ್ಕ ಬಲ್ಲ ಮಿಸ್ತ್ರಿ ಪ್ರತಿ ಗ್ಯಾರೇಜಿನಲ್ಲಿ ಸಿಗುವುದಿಲ್ಲ, ಮತ್ತು ಒಮ್ಮೆ ಕೊಯ್ದ ಮಾಡು ಮತ್ತೆ ಕೂಡುವುದಿಲ್ಲ.

ಮಾಡಿಗಿಂತ ದೊಡ್ಡ ಶತ್ರು ತುಕ್ಕು. ಠಾಣೆಯಿಂದ ಕಲ್ಯಾಣದವರೆಗೆ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ಖಾಡಿಯ ಉಪ್ಪುಗಾಳಿ ಬೇರೆ. ಹಳೆಯ ಫಿಯಾಟಿನ ಕಾರ್ಪೆಟ್ ಎತ್ತಿ ನೋಡಿದರೆ ನೆಲದ ತಗಡು ಹಪ್ಪಳದಂತೆ ಪುಡಿಯಾಗುವುದು ಸಾಮಾನ್ಯ. ಥೀಮಿನ ಉತ್ಸಾಹದಲ್ಲಿ ಮೊದಲು ನಡೆಯುವ ತಪ್ಪು ಅದರ ಮೇಲೆಯೇ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ತೆಂಗಿನ ನಾರಿನ ಚಾಪೆ ಹಾಸುವುದು. ನಾರಿನ ಚಾಪೆ ನೀರು ಕುಡಿದು ಕೂರುತ್ತದೆ. ಜೂನಿನಲ್ಲಿ ನೆನೆದದ್ದು ದೀಪಾವಳಿಯವರೆಗೂ ಪೂರ್ತಿ ಒಣಗುವುದಿಲ್ಲ. ಅದರ ಕೆಳಗೆ ತಗಡು ಸದ್ದಿಲ್ಲದೆ ಕರಗುತ್ತಿರುತ್ತದೆ. ಡ್ಯಾಶ್‌ಬೋರ್ಡಿಗೆ ಬಿದಿರು ಕೂರಿಸಲು ತಗಡಿಗೆ ಡ್ರಿಲ್ ಹಾಕಿದರೆ ಪ್ರತಿ ತೂತೂ ತುಕ್ಕಿಗೆ ಹೊಸ ಬಾಗಿಲು. ಬೆತ್ತ ಚೆನ್ನ, ಗಾಳಿಯಾಡುತ್ತದೆ, ಬೆವರು ಹಿಡಿಯುವುದಿಲ್ಲ. ಆದರೆ ಜುಲೈ ತಿಂಗಳಲ್ಲಿ ಅದಕ್ಕೂ ಬೂಷ್ಟು ಬರುತ್ತದೆ, ವಾರಕ್ಕೊಮ್ಮೆ ಒರೆಸಬೇಕು. ಒಣಹುಲ್ಲಿನ ಝಾಲರಿಯನ್ನಂತೂ ಹಳೆಯ ವೈರಿಂಗಿನ, ಕಾರ್ಬ್ಯುರೇಟರಿನ ಗಾಡಿಯ ಹತ್ತಿರ ತರಲೇಬಾರದು. ಒಂದು ಕಿಡಿ ಸಾಕು.

ಅಮೆರಿಕದ ಚಿತ್ರಗಳಲ್ಲಿ ಕಾಣುವ ಮರದ ಪಕ್ಕೆಯ ವ್ಯಾಗನ್ನುಗಳ ಕಥೆಯನ್ನೂ ಇಲ್ಲಿ ನೆನೆಯಬಹುದು. ಕ್ಯಾಲಿಫೋರ್ನಿಯಾದ ಅಲೆ ಸವಾರರು 1950–60ರ ದಶಕದಲ್ಲಿ ಅವನ್ನು ಕೊಂಡದ್ದು ಶೋಕಿಗೆಂದಲ್ಲ. ಆ ಗಾಡಿಗಳ ಮೈಯೇ ಮರದ್ದು. ಮರ ಹಳತಾಗಿ, ಆರೈಕೆ ಬೇಸರವಾಗಿ ಜನ ಅಗ್ಗಕ್ಕೆ ಮಾರುತ್ತಿದ್ದರು, ಉದ್ದದ ಹಲಗೆ ಒಳಗೆ ಹಿಡಿಸುತ್ತಿತ್ತು. ಬಡತನದ ಅನುಕೂಲ ಮುಂದೆ ಶೈಲಿಯಾಯಿತು. ಪದ್ಮಿನಿಯ ತಗಡಿನ ಬಾಗಿಲಿಗೆ ಮರದ ಚಿತ್ರದ ಸ್ಟಿಕರ್ ಅಂಟಿಸುವಾಗ ಅಂಟುವುದು ಆ ಶೈಲಿಯ ನೆರಳು ಮಾತ್ರ. ತಪ್ಪೇನಿಲ್ಲ, ಸ್ಟಿಕರ್ ಕಿತ್ತರೆ ಬರುತ್ತದೆ.

ಕಿತ್ತರೆ ಬರುತ್ತದೆಯೇ ಎಂಬ ಈ ಪರೀಕ್ಷೆ ಕಾನೂನಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕಾನೂನು ಏನು ಹೇಳುತ್ತದೆ ಎಂಬುದೂ ಗೊತ್ತಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಪ್ರತಿಯೊಂದು ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆಯೂ ಆಗಬಹುದು. ಬಣ್ಣ ಬದಲಾದರೆ ಆರ್‌ಸಿಯಲ್ಲಿ ಬರೆಸಬೇಕು. ಠಾಣೆಯ ಎಂಎಚ್ 04 ಇರಲಿ, ಕಲ್ಯಾಣದ 05 ಇರಲಿ, ನವಿ ಮುಂಬೈಯ 43 ಇರಲಿ, ನಿಯಮ ಒಂದೇ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ದಾಟಿರಬೇಕು. ಚಾಸಿಸ್, ಮೈ, ಎಂಜಿನ್ ಮೂಲರೂಪದಲ್ಲಿ ಇರಬೇಕು. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಾಳಿಕೆ, ಆಮೇಲೆ ನವೀಕರಣಕ್ಕೆ 5,000. ಸಂಖ್ಯಾಫಲಕದಲ್ಲಿ ವಿಎ ಎಂಬ ಅಕ್ಷರ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಷ್ಟಕ್ಕೆ ರಸ್ತೆಗಿಳಿಯಬಹುದು. ಇದು ಒಳ್ಳೆಯ ನಿಯಮವೇ. ಆದರೆ ಪದ್ಮಿನಿಯ ಮಟ್ಟಿಗೆ ಇದರಲ್ಲೊಂದು ದೊಡ್ಡ ಕಂದಕವಿದೆ. 15 ವರ್ಷ ದಾಟಿದ ಖಾಸಗಿ ಕಾರಿಗೆ ಮರುನೋಂದಣಿ ಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ವಿಂಟೇಜ್ ಎನಿಸಿಕೊಳ್ಳಲು 50 ಆಗಬೇಕು. ನಡುವಿನ 35 ವರ್ಷ ಆ ಕಾರು ಸರ್ಕಾರದ ಕಣ್ಣಿಗೆ ಕೇವಲ ಹಳೆಯ, ಹೊಗೆಯುಗುಳುವ ಗಾಡಿ. 1985ರ ಪದ್ಮಿನಿ 2035ರವರೆಗೆ ಕಾಯಬೇಕು. ಅಷ್ಟರಲ್ಲಿ ಸೊಸೈಟಿ ಎರಡು ಸಲ ನೋಟಿಸ್ ಅಂಟಿಸಿರುತ್ತದೆ. ಮೈ, ಎಂಜಿನು, ಬ್ರೇಕು, ದೀಪ ಮುಟ್ಟದೆ ಒಳಗಿನ ಸಿಂಗಾರವನ್ನಷ್ಟೇ ಬದಲಿಸಿದ, ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ 30 ವರ್ಷ ಮೇಲ್ಪಟ್ಟ ಕಾರುಗಳಿಗೆ ಒಂದು ಸುಲಭದ ದರ್ಜೆ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಈಗ ಆಗುತ್ತಿರುವುದು ತಿರುಗುಮುರುಗು: ಮಾಡು ಕೊಯ್ದವನೂ ಹೂವಿನ ಸೀಟು ಹಾಕಿಸಿದವನೂ ಒಂದೇ ಭಯದಲ್ಲಿ ಆರ್‌ಟಿಒ ಕಡೆ ಸುಳಿಯುವುದಿಲ್ಲ.

ಇನ್ನು ದೇವರ ವಿಷಯ.

ಪಾಲಿನೇಷ್ಯ ಎಂದರೆ ಹವಾಯಿ, ನ್ಯೂಜಿಲೆಂಡ್, ಈಸ್ಟರ್ ದ್ವೀಪ ಎಂಬ ಮೂರು ತುದಿಗಳ ನಡುವಿನ ಮಹಾತ್ರಿಕೋನ. ಸಮೋವಾ, ಟೋಂಗಾ, ತಾಹಿತಿ ಎಲ್ಲ ಅದರೊಳಗೆ. ಫೋನಿನಲ್ಲಿ ಕಾಣುವ ಟೀಕಿ ಅಲಂಕಾರ ಆ ದ್ವೀಪಗಳಲ್ಲಿ ಹುಟ್ಟಿದ್ದಲ್ಲ. ಅದು 1930ರ ದಶಕದ ಕ್ಯಾಲಿಫೋರ್ನಿಯಾದ ಮದ್ಯದಂಗಡಿಗಳಲ್ಲಿ ಹುಟ್ಟಿತು. ಹಾಲಿವುಡ್ಡಿನ ಡಾನ್ ಬೀಚ್, ಓಕ್ಲೆಂಡಿನ ಟ್ರೇಡರ್ ವಿಕ್ ಎಂಬಿಬ್ಬರು ಬಲೆ, ಬಿದಿರು, ರಮ್ಮು, ಮರದ ಮುಖ ಸೇರಿಸಿ ಒಂದು ಕನಸಿನ ದ್ವೀಪ ಕಟ್ಟಿದರು. ಮಹಾಯುದ್ಧದಿಂದ ಮರಳಿದ ಸೈನಿಕರು, 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾದ ಮೇಲೆ ಹೋಗಿಬಂದ ಪ್ರವಾಸಿಗರು ಅದನ್ನು ಮನೆಯ ಅಂಗಳದವರೆಗೆ ತಂದರು. ಪಾಮ್ ಬೀಚ್ ರಸ್ತೆಯ ಪದ್ಮಿನಿಗೆ ಬರುವುದು ಆ ನಕಲಿನ ನಕಲು. ಇತ್ತ ಅಮೆರಿಕದಲ್ಲಿ ಸ್ವರ್ಗದ ಚಿತ್ರ ಮಾರಾಟವಾಗುತ್ತಿದ್ದ ಕಾಲದಲ್ಲೇ, 1966ರಿಂದ 1996ರವರೆಗೆ, ಫ್ರಾನ್ಸ್ ತನ್ನ ಪಾಲಿನ ಪಾಲಿನೇಷ್ಯದಲ್ಲಿ ಅಣುಬಾಂಬ್ ಪರೀಕ್ಷೆ ನಡೆಸುತ್ತಿತ್ತು.

ಆ ಹಲ್ಲು ಕಿರಿದ ಮುಖ ಯಾರದು? ಹೆಚ್ಚಿನ ಮಗ್ಗುಗಳಲ್ಲಿ, ಹಿಡಿಗಳಲ್ಲಿ ಕಾಣುವುದು ಹವಾಯಿಯ ಕೂ ಎಂಬ ಯುದ್ಧದೈವದ ದೂರದ ಛಾಯೆ. 1819ರಲ್ಲಿ ಹವಾಯಿಯ ಅರಸನೇ ಹಳೆಯ ನಿಷೇಧಧರ್ಮವನ್ನು ಮುರಿದಾಗ ಮೂರ್ತಿಗಳನ್ನು ಸುಟ್ಟರು, ಒಡೆದರು. ದೇವಾಲಯದ ದೊಡ್ಡ ಕೂ ಮೂರ್ತಿಗಳಲ್ಲಿ ಜಗತ್ತಿನಲ್ಲಿ ಉಳಿದಿರುವುದು ಮೂರು. ಒಂದು ಹೊನೊಲುಲುವಿನ ಬಿಷಪ್ ಸಂಗ್ರಹಾಲಯದಲ್ಲಿ, ಇನ್ನೊಂದು ಲಂಡನ್ನಿನಲ್ಲಿ, ಮತ್ತೊಂದು ಅಮೆರಿಕದ ಸೇಲಂ ಊರಿನಲ್ಲಿ. 2010ರಲ್ಲಿ ಮೂರನ್ನೂ ಹೊನೊಲುಲುವಿನಲ್ಲಿ ಒಟ್ಟಿಗೆ ನಿಲ್ಲಿಸಿದಾಗ ಹವಾಯಿ ಜನರಿಗೆ ಅದು ಬರಿಯ ಪ್ರದರ್ಶನವಾಗಿರಲಿಲ್ಲ. ಮೂರು ಮಾತ್ರ ಉಳಿದ ದೇವರ ಮುಖ ಗೇರ್ ಹಿಡಿಗೆ ಬೇಕೇ?

ಬಾಗಿಲ ಮೇಲಿನ ಹಚ್ಚೆಯ ಗೆರೆಗಳದ್ದೂ ಇದೇ ಕಥೆ. ಟ್ಯಾಟೂ ಎಂಬ ಪದವೇ ಆ ದ್ವೀಪಗಳ ತತಾವ್ ಎಂಬ ಮಾತಿನಿಂದ ಬಂದದ್ದು. ಸಮೋವಾದ ಗಂಡಸರು ಸೊಂಟದಿಂದ ಮೊಣಕಾಲಿನವರೆಗೆ ಚುಚ್ಚಿಸಿಕೊಳ್ಳುವ ಪೇಅ ಎಂಬ ಹಚ್ಚೆ ದಿನಗಟ್ಟಲೆ ನೋವು ತಿಂದು ಪಡೆಯುವಂಥದ್ದು. 2013ರಲ್ಲಿ ನೈಕಿ ಕಂಪನಿ ಅದನ್ನು ಹೆಂಗಸರ ವ್ಯಾಯಾಮದ ಉಡುಪಿನ ಮೇಲೆ ಮುದ್ರಿಸಿ, ವಿರೋಧ ಬಂದು, ಕ್ಷಮೆ ಕೇಳಿ ಹಿಂತೆಗೆದುಕೊಂಡಿತು. 2016ರಲ್ಲಿ ಡಿಸ್ನಿ ಮಕ್ಕಳಿಗೆಂದು ಮಾರಿದ, ಹಚ್ಚೆ ತುಂಬಿದ ಕಂದು ಚರ್ಮದ ಮಾವೀ ವೇಷವೂ ಹಾಗೆಯೇ ಅಂಗಡಿಯಿಂದ ಮರಳಿತು.

ಇಷ್ಟು ದೂರದ ನೋವು ಡೊಂಬಿವಲಿಗೆ ಅರ್ಥವಾಗದು ಎನ್ನುವಂತಿಲ್ಲ. ಇಲ್ಲಿನ ಕನ್ನಡಿಗರಲ್ಲಿ, ಠಾಣೆ–ಕಲ್ಯಾಣದ ಹೋಟೆಲುಗಳಲ್ಲಿ, ದಕ್ಷಿಣ ಕನ್ನಡ–ಉಡುಪಿಯ ಬೇರಿನವರು ಸಾವಿರಾರು ಜನ. ವರ್ಷಕ್ಕೊಮ್ಮೆ ರಜೆ ಹಾಕಿ ನೇಮಕ್ಕೆ ಊರಿಗೆ ಹೋಗುವ ಮನೆಗಳಿವು. 2025ರ ಅಕ್ಟೋಬರ್‌ನಲ್ಲಿ ‘ಕಾಂತಾರ: ಚಾಪ್ಟರ್ 1’ ತೆರೆಕಂಡಾಗ ಚಿತ್ರಮಂದಿರಕ್ಕೆ ದೈವದ ವೇಷ ಹಾಕಿಕೊಂಡು ಬಂದು ಕುಣಿದವರನ್ನು ಕಂಡು ತುಳುವರಿಗೆ ಸಂಕಟವಾಯಿತು. ಹಾಗೆ ಅನುಕರಿಸಬೇಡಿ ಎಂದು ಚಿತ್ರ ನಿರ್ಮಿಸಿದವರೇ ಜನರನ್ನು ಕೇಳಿಕೊಳ್ಳಬೇಕಾಯಿತು. ಹೊನೊಲುಲುವಿನ ಯಾರೋ ತನ್ನ ಹಳೆಯ ಫೋರ್ಡಿನ ಗೇರ್ ಹಿಡಿಗೆ ಪಂಜುರ್ಲಿಯ ಮುಖವಾಡ ತೊಡಿಸಿ, ಸೀಟಿನಲ್ಲಿ ಅಣಿಯ ಗರಿ ಮುದ್ರಿಸಿ, ‘ದಕ್ಷಿಣ ಭಾರತ ಥೀಮ್’ ಎಂದು ಹಾಕಿದರೆ ಈ ಮನೆಗಳ ಫೋನುಗಳು ಬಿಸಿಯಾಗುತ್ತವೆ. ಆ ಸಿಟ್ಟು ನ್ಯಾಯ ಎನಿಸಿದರೆ ಕೂವಿನ ಮುಖವನ್ನೂ ಅಂಗಡಿಯಲ್ಲೇ ಬಿಟ್ಟುಬರಬೇಕಾಗುತ್ತದೆ. ಹಾಗೆಂದು ಎಲ್ಲ ಎರವಲೂ ಕಳವು ಎಂದು ಹೊರಟರೆ ಮುಂಬೈಯಲ್ಲಿ ಉಳಿಯುವುದು ಏನು? ಪದ್ಮಿನಿಯೇ ಎರವಲು.

ಎರವಲು ಚೆನ್ನಾಗಿ ನಡೆದ ಉದಾಹರಣೆಯೂ ಕೈಯಳತೆಯಲ್ಲೇ ಇದೆ, ಅದೂ ಸಾಕ್ಷಾತ್ ಪಾಲಿನೇಷ್ಯದ್ದು. ಗಿಟಾರನ್ನು ಮಡಿಲಲ್ಲಿ ಮಲಗಿಸಿ ತಂತಿಯ ಮೇಲೆ ಲೋಹದ ಕಡ್ಡಿ ಜಾರಿಸುವ ಪದ್ಧತಿ ಹವಾಯಿಯಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಹುಟ್ಟಿತು. ಜೋಸೆಫ್ ಕೆಕುಕು ಎಂಬಾತನ ಹೆಸರು ಅದಕ್ಕೆ ಸಲ್ಲುತ್ತದೆ. 1940ರ ದಶಕದಲ್ಲಿ ಟೌ ಮೋ ಎಂಬ ಸಮೋವಾ ಮೂಲದ ಹವಾಯಿ ಸಂಗೀತಗಾರ ಸಂಸಾರ ಸಮೇತ ಕಲ್ಕತ್ತೆಯಲ್ಲಿ ನೆಲೆಸಿ ನುಡಿಸಿದ, ಕಲಿಸಿದ. ಆ ವಾದ್ಯ ಹಿಂದೂಸ್ತಾನಿ ಸಂಗೀತಕ್ಕೆ ಬಂದು ಬ್ರಿಜ್‌ಭೂಷಣ್ ಕಾಬ್ರಾ ಅವರ ಕೈಯಲ್ಲಿ ಮೀಂಡ್ ಕಲಿಯಿತು, ವಿಶ್ವಮೋಹನ್ ಭಟ್ಟರ ಮೋಹನವೀಣೆಯಾಗಿ ಗ್ರ್ಯಾಮಿಯವರೆಗೂ ಹೋಯಿತು. ಮುಂಬೈಯಲ್ಲಿ ವ್ಯಾನ್ ಶಿಪ್ಲೆ ಅದೇ ಗಿಟಾರಿನಲ್ಲಿ ಹಿಂದಿ ಚಿತ್ರಗೀತೆಗಳನ್ನು ನುಡಿಸಿ ರೆಕಾರ್ಡು ಮಾಡಿದರು. ಫಿಯಾಟುಗಳು ಹೊಸದಾಗಿದ್ದ ವರ್ಷಗಳಲ್ಲಿ ಊರೂರಿನ ರೇಡಿಯೊದಲ್ಲಿ ಜಾರಿಬರುತ್ತಿದ್ದ ಆ ನಾದವನ್ನು ಹವಾಯಿಯನ್ ಗಿಟಾರ್ ಎಂದೇ ಜನ ಕರೆದರು. ಕಲಿತವರು ಕಲಿಸಿದವನ ಹೆಸರನ್ನೂ ಊರನ್ನೂ ಅಳಿಸಲಿಲ್ಲ.

ಪದ್ಮಿನಿಗೆ ದ್ವೀಪದ ಸಿಂಗಾರ ಮಾಡುವವರು ಹಿಡಿಯಬಹುದಾದ ಎಳೆ ಇದು. ಡ್ಯಾಶ್‌ಬೋರ್ಡಿನ ರೇಡಿಯೊ ಜಾಗದಲ್ಲಿ ಒಂದು ಸ್ಪೀಕರ್, ಅದರಲ್ಲಿ ವ್ಯಾನ್ ಶಿಪ್ಲೆ. ಸೀಟಿಗೆ ಟಾಪಾದ ಗುಂಗಿನ ಬಟ್ಟೆ. ಟಾಪಾ ಎಂದರೆ ಒಂದು ಜಾತಿಯ ಹಿಪ್ಪುನೇರಳೆ ಗಿಡದ ಒಳತೊಗಟೆಯನ್ನು ಬಡಿದು ಬಡಿದು ಹಾಳೆಯಾಗಿಸಿ ಕಂದು–ಕಪ್ಪು ಚೌಕುಳಿ ಬರೆಯುವ ದ್ವೀಪಗಳ ಬಟ್ಟೆ. ಸಮೋವಾದಲ್ಲಿ ಸಿಯಾಪೊ, ಟೋಂಗಾದಲ್ಲಿ ಙಾತು. ಅದರ ಎಲೆ, ಮೀನುಮೂಳೆ, ಚೌಕದ ಸರಳ ನಮೂನೆಗಳನ್ನು ಹತ್ತಿಯ ಮೇಲೆ ಅಚ್ಚು ಹಾಕಿಸಿ ಕವರು ಹೊಲಿಸಬಹುದು, ಉಲ್ಲಾಸನಗರದಲ್ಲಿ ಹೊಲಿಯುವವರಿಗೆ ಕೊರತೆಯಿಲ್ಲ. ಹಳೆಯ ರೆಕ್ಸಿನನ್ನು ಕೀಳದೆ ಅದರ ಮೇಲೇ ಹಾಕಬಹುದು. ತೆಂಗು, ದಾಸವಾಳ, ಕಡಲು ಯಾರ ಒಬ್ಬರ ಸ್ವತ್ತೂ ಅಲ್ಲ, ಕರಾವಳಿಯಿಂದ ಬಂದವರಿಗಂತೂ ಹಿತ್ತಲಿನವು. ತೆಂಗಿನ ವಂಶವಾಹಿ ನೋಡಿದ ವಿಜ್ಞಾನಿಗಳು 2011ರಲ್ಲಿ ಹೇಳಿದಂತೆ ಜಗತ್ತಿನ ತೆಂಗಿಗೆ ಎರಡು ತವರು: ಒಂದು ಪೆಸಿಫಿಕ್, ಇನ್ನೊಂದು ಹಿಂದೂ ಮಹಾಸಾಗರದ ಈ ಕಡೆಯದು. ದ್ವೀಪದವರು ಮಹಾಸಾಗರ ದಾಟಿದ ಪಕ್ಕತೊಲೆಯ ದೋಣಿಗೆ ಕೊಂಕಣ ತೀರದಲ್ಲೂ ಸೋದರ ದೋಣಿಗಳಿವೆ. ಆ ದೋಣಿಯ ಆಕಾರ ಬಾನೆಟ್ಟಿನ ತುದಿಗೆ ಬಂದರೆ ಯಾರ ದೇವರೂ ಮುನಿಯುವುದಿಲ್ಲ.

ಖರ್ಚಿನ ಕ್ರಮ ಮಾತ್ರ ಫೋನಿನ ಚಿತ್ರದ ಕ್ರಮಕ್ಕೆ ತಿರುವುಮುರುವಾಗಿರಬೇಕು. ಮೊದಲು ಕಾರ್ಪೆಟ್ ಎತ್ತಿ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ. ಪುಟ್ಟಿಯಿಂದ ಮುಚ್ಚದೆ ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಸುವುದು. ಆಮೇಲೆ ಬ್ರೇಕು, ವೈರಿಂಗು. ಕುರ್ಲಾದ ಬಿಡಿಭಾಗದ ಅಂಗಡಿಗಳಲ್ಲಿ ನಾಲ್ಕು ಸಲ ಅಲೆಯಬೇಕಾದೀತು. ಗೇರ್ ಕಡ್ಡಿಯ ಬುಷ್ ಹುಡುಕುವುದರಲ್ಲೇ ಒಂದು ಶನಿವಾರ ಹೋಗುತ್ತದೆ. ದುಡ್ಡಿನ ಮುಕ್ಕಾಲು ಪಾಲು ಕಣ್ಣಿಗೆ ಕಾಣದ ಕಡೆ ಹೋಗುತ್ತದೆ ಎಂದು ಮನೆಯಲ್ಲಿ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿಂಗಾರ ಕೊನೆಗೆ, ಉಳಿದ ಪಾಲಿನಲ್ಲಿ.

ಅಲೆ ಸವಾರರ ಹಲಗೆ ಬೇಕೇ ಬೇಕು ಎನ್ನುವವರಿಗೂ ತೂತು ಕೊರೆಯುವ ಅಗತ್ಯವಿಲ್ಲ. ಪದ್ಮಿನಿಯ ಮಾಡಿನ ಎರಡೂ ಅಂಚಿನಲ್ಲಿ ಮಳೆನೀರು ಹರಿಯುವ ತಗಡಿನ ಕಾಲುವೆ ಇದೆ. ಟ್ಯಾಕ್ಸಿಯವರ ಹಳೆಯ ಕ್ಯಾರಿಯರ್ ಆ ಅಂಚಿಗೇ ಕಚ್ಚಿಕೊಂಡು ಕೂರುತ್ತಿತ್ತು, ನಾಲ್ಕು ಕ್ಲ್ಯಾಂಪು, ನಾಲ್ಕು ಬೋಲ್ಟು. ಕಲ್ಯಾಣದಲ್ಲಿ ಫಿಟ್‌ನೆಸ್ ತಪಾಸಣೆಯಿರುವ ಬೆಳಿಗ್ಗೆ ಅದನ್ನು ಬಿಚ್ಚಿ ಮನೆಯ ಬಾಲ್ಕನಿಯಲ್ಲಿಟ್ಟು ಹೋಗಬಹುದು, ಸಂಜೆ ಬಂದು ಹತ್ತು ನಿಮಿಷದಲ್ಲಿ ಮತ್ತೆ ಕಟ್ಟಬಹುದು.